ಮೊದಲ ಟ್ರಯಥ್ಲಾನ್‌ಗೆ ಮೌಂಟನ್ ಬೈಕ್: ಕಳೆಯುವುದು ಕೆಲವೇ ನಿಮಿಷ

ಈಜು, ಸೈಕಲ್ ಸವಾರಿ ಹಾಗೂ ಓಟ ಈ ಮೂರನ್ನೂ ಇದೇ ಕ್ರಮದಲ್ಲಿ, ನಡುವೆ ಗಡಿಯಾರವನ್ನು ನಿಲ್ಲಿಸದೆ ಪೂರೈಸಬೇಕಾದ ಸ್ಪರ್ಧೆಯೇ ಟ್ರಯಥ್ಲಾನ್. ಈ ಕ್ರೀಡೆಯತ್ತ ಮನಸ್ಸು ಹರಿಸಿದ ಹೊಸಬರನ್ನು ಆರಂಭದಲ್ಲೇ ಹಿಮ್ಮೆಟ್ಟಿಸುವುದು ಸೈಕಲ್‌ನ ಬೆಲೆ. ಬಾಗಿದ ಹ್ಯಾಂಡಲ್, ತೆಳು ಟೈರುಗಳ ರೋಡ್ ಬೈಕ್‌ಗೆ ಹತ್ತಾರು ಸಾವಿರ ರೂಪಾಯಿ ತೆರಬೇಕು. ಮನೆಯಲ್ಲಿರುವುದಾದರೋ ದಪ್ಪ ಟೈರಿನ, ನೇರ ಹ್ಯಾಂಡಲ್‌ನ ಗೇರ್ ಸೈಕಲ್, ಅಂದರೆ ಮೌಂಟನ್ ಬೈಕ್. ಅದರಲ್ಲೇ ಮೊದಲ ಸ್ಪರ್ಧೆಯನ್ನು ಮುಗಿಸಬಹುದೇ ಎಂಬುದು ಹಲವರ ಪ್ರಶ್ನೆ.

ಕಿರು ದೂರದ ಸ್ಪರ್ಧೆಯಾದರೆ ಖಂಡಿತವಾಗಿಯೂ ಮುಗಿಸಬಹುದು. ಸವಾರ ಕಳೆದುಕೊಳ್ಳುವುದು ಕೆಲವು ನಿಮಿಷಗಳನ್ನು ಮಾತ್ರ. ಅದರಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದು ಜೊತೆ ಟೈರು ಬದಲಿಸಿ ಮರಳಿ ಪಡೆಯಬಹುದು. ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂತಹ ಊರಿನಲ್ಲಿ ಅಭ್ಯಾಸ ಮಾಡುವವರಿಗೆ ಮೌಂಟನ್ ಬೈಕ್ ಅನಿವಾರ್ಯದ ಆಯ್ಕೆಯಷ್ಟೇ ಆಗಿರದೆ, ಹಲವು ರೀತಿಯಲ್ಲಿ ವಿವೇಕದ ಆಯ್ಕೆಯೂ ಹೌದು. ಇದಕ್ಕೆ ಕಾರಣಗಳು, ಮಾಡಿಕೊಳ್ಳಬೇಕಾದ ಸಿದ್ಧತೆ ಹಾಗೂ ಈ ಮಾತಿನ ಮಿತಿಗಳು ಇಲ್ಲಿವೆ.

ಸ್ಪರ್ಧೆಯ ಹಿನ್ನೆಲೆ ಮತ್ತು ದೂರಗಳು

ಆಧುನಿಕ ಟ್ರಯಥ್ಲಾನ್‌ನ ಮೊದಲ ಸ್ಪರ್ಧೆ 1974ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ನಗರದ ಮಿಷನ್ ಬೇಯಲ್ಲಿ ನಡೆಯಿತು. 1978ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ಸ್ಪರ್ಧೆ ಜರುಗಿದಾಗ 15 ಮಂದಿ ಆರಂಭಿಸಿ 12 ಮಂದಿ ಮುಗಿಸಿದರು. 1989ರಲ್ಲಿ ಈ ಕ್ರೀಡೆಗೆ ಅಂತರರಾಷ್ಟ್ರೀಯ ಸಂಸ್ಥೆಯೊಂದು ರೂಪುಗೊಂಡಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು.

ಇಂದು ಪ್ರಚಲಿತವಿರುವ ದೂರಗಳು ನಾಲ್ಕು. ಸ್ಪ್ರಿಂಟ್ ವಿಭಾಗದಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ವಿಭಾಗದಲ್ಲಿ ಇವೆಲ್ಲವೂ ಇಮ್ಮಡಿ: 1.5, 40 ಮತ್ತು 10 ಕಿ.ಮೀ. ಅರ್ಧ ಐರನ್‌ಮ್ಯಾನ್‌ನಲ್ಲಿ 1.9, 90 ಮತ್ತು 21.1 ಕಿ.ಮೀ. ಪೂರ್ಣ ಐರನ್‌ಮ್ಯಾನ್‌ನಲ್ಲಿ ಸುಮಾರು 3.8, 180 ಮತ್ತು 42.2 ಕಿ.ಮೀ.

ನಮ್ಮ ನಾಡಿನಲ್ಲೂ ಈ ಕ್ರೀಡೆ ನೆಲೆ ಕಂಡುಕೊಂಡಿದೆ. ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯಲ್ಲಿ ‘ಟ್ರೈ ತೊಣ್ಣೂರು’ ಹೆಸರಿನ ಸ್ಪರ್ಧೆಗಳು ನಡೆದಿವೆ. ನೆರೆಯ ಗೋವಾದಲ್ಲಿ 2019ರ ಅಕ್ಟೋಬರ್‌ನಲ್ಲಿ ಅರ್ಧ ಐರನ್‌ಮ್ಯಾನ್ ಆರಂಭಗೊಂಡಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದ ಸ್ಪರ್ಧೆಯನ್ನು 8 ಗಂಟೆ 27 ನಿಮಿಷ 32 ಸೆಕೆಂಡುಗಳಲ್ಲಿ ಪೂರೈಸಿದ ಸುದ್ದಿ ರಾಜ್ಯದಲ್ಲಿ ಅನೇಕರಿಗೆ ಈ ಕ್ರೀಡೆಯ ಹೆಸರನ್ನು ಪರಿಚಯಿಸಿತು. ಮೊದಲ ಬಾರಿಗೆ ಕಣಕ್ಕಿಳಿಯುವವರು ಮಾತ್ರ ಸ್ಪ್ರಿಂಟ್ ವಿಭಾಗವನ್ನೇ ಆರಿಸಿಕೊಳ್ಳುವುದು ಲೇಸು. ಈ ಲೇಖನದ ಲೆಕ್ಕಾಚಾರವೂ ಅದಕ್ಕೇ ಸಂಬಂಧಿಸಿದ್ದು.

ಎರಡು ಸೈಕಲ್‌ಗಳ ನಡುವಿನ ವ್ಯತ್ಯಾಸ

ಮೌಂಟನ್ ಬೈಕ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಗುಡ್ಡಗಳ ಮಣ್ಣುಹಾದಿಗಳಲ್ಲಿ. ಕಲ್ಲು, ಕೊರಕಲುಗಳ ಮೇಲೆ ಸವಾರನನ್ನು ಬೀಳದಂತೆ ಒಯ್ಯುವುದೇ ಅದರ ಉದ್ದೇಶ. ಆದ್ದರಿಂದಲೇ ಅದಕ್ಕೆ ಗುಬುಟುಗಳುಳ್ಳ ಅಗಲದ ಟೈರು, ಮುಂಚಕ್ರಕ್ಕೆ ಶಾಕ್ ಅಬ್ಸಾರ್ಬರ್, ಭುಜದಷ್ಟು ಅಥವಾ ಅದಕ್ಕೂ ಅಗಲವಾದ ನೇರ ಹ್ಯಾಂಡಲ್ ಹಾಗೂ ಬೆನ್ನು ನೆಟ್ಟಗಿರುವ ಕುಳಿತ ಭಂಗಿ. ಡಾಂಬರು ರಸ್ತೆಗೆ ಇಳಿದಾಗ ಈ ಗುಣಗಳೇ ಹೊರೆಯಾಗುತ್ತವೆ.

ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ಸವಾರನನ್ನು ತಡೆಯುವ ಶಕ್ತಿಗಳು ಮುಖ್ಯವಾಗಿ ಎರಡು. ಒಂದು, ಟೈರು ನೆಲಕ್ಕೆ ಒತ್ತಿ ಉರುಳುವಾಗ ಉಂಟಾಗುವ ಪ್ರತಿರೋಧ. ಇನ್ನೊಂದು, ಎದುರು ಗಾಳಿಯ ಪ್ರತಿರೋಧ. ಗುಬುಟು ಟೈರು ಮೊದಲನೆಯದನ್ನು ಹೆಚ್ಚಿಸುತ್ತದೆ. ನೆಟ್ಟಗಿನ ಭಂಗಿ ಎರಡನೆಯದನ್ನು ಹೆಚ್ಚಿಸುತ್ತದೆ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಇಮ್ಮಡಿಯಾಗಬೇಕಾದರೆ ಗಾಳಿಗಾಗಿ ವ್ಯಯಿಸುವ ಶಕ್ತಿ ಎಂಟು ಪಟ್ಟಾಗಬೇಕು. ಹೀಗಾಗಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗುವ ಪಳಗಿದ ಸ್ಪರ್ಧಿಗೆ ಭಂಗಿಯೇ ಸರ್ವಸ್ವ. 25 ಕಿ.ಮೀ. ವೇಗದ ಹೊಸಬನಿಗೆ ಟೈರಿನ ಪಾತ್ರವೂ ಗಣನೀಯ.

ಎಷ್ಟು ನಿಮಿಷಗಳ ಮಾತು?

ಒಂದು ಅಂದಾಜು ಲೆಕ್ಕವನ್ನು ನೋಡಬಹುದು. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ತೂಕ, ಸಮತಟ್ಟಾದ ರಸ್ತೆ, ಗಾಳಿ ಬೀಸದ ಮುಂಜಾನೆ, ಚಕ್ರಕ್ಕೆ ತಲುಪುವ ಶಕ್ತಿ 165 ವ್ಯಾಟ್ ಎಂದು ಇಟ್ಟುಕೊಳ್ಳೋಣ. ಟೈರು ಮತ್ತು ಭಂಗಿಗೆ ಸಾಮಾನ್ಯವಾಗಿ ಬಳಸುವ ಮೌಲ್ಯಗಳನ್ನು ಹಾಕಿ ಲೆಕ್ಕ ಮಾಡಿದರೆ 20 ಕಿ.ಮೀ. ದೂರಕ್ಕೆ ದೊರೆಯುವ ಉತ್ತರ ಹೀಗಿದೆ:

- ಗುಬುಟು ಟೈರಿನ ಮೌಂಟನ್ ಬೈಕ್: ಗಂಟೆಗೆ ಸುಮಾರು 25 ಕಿ.ಮೀ. ವೇಗ, 48 ನಿಮಿಷ.
- ನುಣುಪು ಟೈರು ಹಾಕಿದ ಅದೇ ಮೌಂಟನ್ ಬೈಕ್: ಗಂಟೆಗೆ 27 ಕಿ.ಮೀ.ಗೆ ತುಸು ಕಡಿಮೆ, ಸುಮಾರು 45 ನಿಮಿಷ.
- ರೋಡ್ ಬೈಕ್: ಗಂಟೆಗೆ ಸುಮಾರು 30 ಕಿ.ಮೀ., 40 ನಿಮಿಷ.

ಅಂದರೆ, ಒಂದೇ ಶ್ರಮಕ್ಕೆ ಎರಡು ಸೈಕಲ್‌ಗಳ ನಡುವಿನ ಅಂತರ ಎಂಟು ನಿಮಿಷ. ಟೈರು ಬದಲಿಸಿದರೆ ಅದು ಐದು ನಿಮಿಷಕ್ಕೆ ಇಳಿಯುತ್ತದೆ. ಏರುರಸ್ತೆಯಲ್ಲಿ ಇದಕ್ಕೆ ತೂಕದ ಲೆಕ್ಕವೂ ಸೇರಬೇಕು. ಮೌಂಟನ್ ಬೈಕ್ 5 ಕೆ.ಜಿ. ಹೆಚ್ಚು ತೂಗುತ್ತದೆ ಎಂದು ಹಿಡಿದರೆ, ಪ್ರತಿ 100 ಮೀಟರ್ ಎತ್ತರ ಏರಲು ಇದೇ ಸವಾರನಿಗೆ ಹೆಚ್ಚುವರಿಯಾಗಿ ತಗಲುವುದು ಅರ್ಧ ನಿಮಿಷ. ಸವಾರನ ಬಲ, ಗಾಳಿಯ ದಿಕ್ಕು, ರಸ್ತೆಯ ಗುಣಗಳಿಗೆ ತಕ್ಕಂತೆ ಈ ಅಂಕಿಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಆದರೆ ಒಟ್ಟು ಚಿತ್ರ ಬದಲಾಗದು.

ಹೊಸಬನೊಬ್ಬ ಸ್ಪ್ರಿಂಟ್ ಸ್ಪರ್ಧೆಯನ್ನು ಮುಗಿಸಲು ಸಾಮಾನ್ಯವಾಗಿ ಒಂದೂಮುಕ್ಕಾಲರಿಂದ ಎರಡು ಗಂಟೆ ಬೇಕು. ಅದರಲ್ಲಿ ಐದಾರು ನಿಮಿಷ ಎಂದರೆ ಶೇಕಡ ಐದರ ಆಸುಪಾಸು. 750 ಮೀಟರ್ ಈಜಿನಲ್ಲಿ ಉಸಿರು ಕಟ್ಟಿ, ಪದೇ ಪದೇ ನಿಂತು ಸಾಗುವವನಿಗೂ ಸರಿಯಾಗಿ ಕಲಿತು ನಿಧಾನವಾಗಿ ಈಜುವವನಿಗೂ ಇರುವ ಅಂತರ ಇದಕ್ಕಿಂತ ದೊಡ್ಡದಾಗಿರುತ್ತದೆ. ಸೈಕಲ್‌ಗೆಂದು ತೆಗೆದಿಟ್ಟ ಹಣದ ಒಂದು ಪಾಲನ್ನು ಈಜುಕೊಳದ ಶುಲ್ಕಕ್ಕೂ ಈಜು ತರಬೇತಿಗೂ ಕೊಟ್ಟರೆ ದೊರೆಯುವ ಫಲವೇ ಹೆಚ್ಚು.

ತೋವಿನಕೆರೆ ಸೀಮೆಯ ರಸ್ತೆಗಳು

ಮೇಲಿನ ಲೆಕ್ಕ ನುಣುಪಾದ ಹೆದ್ದಾರಿಗೆ ಸಲ್ಲುವಂಥದು. ಅಭ್ಯಾಸ ನಡೆಯುವ ರಸ್ತೆ ಹಾಗಿರುವುದು ವಿರಳ. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯನ್ನು ಉದಾಹರಣೆಯಾಗಿ ನೋಡಬಹುದು. ಸಮೀಪದಲ್ಲಿ ಗಿಡಮೂಲಿಕೆಗಳಿಗೆ ಹೆಸರಾದ ಸಿದ್ದರಬೆಟ್ಟವಿದೆ. ತುಸು ಆಚೆಗೆ ಚನ್ನರಾಯನದುರ್ಗ, ಏಕಶಿಲೆಯ ಮಧುಗಿರಿ ಬೆಟ್ಟಗಳಿವೆ. ಸುತ್ತಲಿನದು ರಾಗಿ, ನೆಲಗಡಲೆ, ಹುಣಸೆಯ ಬಯಲುಸೀಮೆ. ತುಮಕೂರು, ಕೊರಟಗೆರೆ, ಮಧುಗಿರಿಗಳ ಕಡೆಗೆ ಸಾಗುವ ರಸ್ತೆಗಳಲ್ಲಿ ದಿಣ್ಣೆ, ಇಳಿಜಾರುಗಳು ಒಂದರ ಹಿಂದೊಂದು ಬರುತ್ತವೆ. ಬೆಂಗಳೂರಿನಲ್ಲಿ ನೆಲೆಸಿ ಹಬ್ಬ, ರಜೆಗಳಿಗೆ ಊರಿಗೆ ಮರಳುವವರಿಗೆ ಅಭ್ಯಾಸಕ್ಕೆ ಇದಕ್ಕಿಂತ ಉತ್ತಮ ನೆಲ ಬೇಕಿಲ್ಲ.

ಆದರೆ ಈ ಸೀಮೆಯ ರಸ್ತೆಗಳಿಗೆ ತಮ್ಮದೇ ಸ್ವಭಾವವುಂಟು. ಪ್ರತಿ ಹಳ್ಳಿಯ ಮುಂದೆಯೂ ರಸ್ತೆ ಉಬ್ಬುಗಳು. ಕೆಲವಕ್ಕೆ ಬಣ್ಣವಿಲ್ಲ, ಫಲಕವಿಲ್ಲ. ಮಳೆಗಾಲ ಕಳೆದ ಮೇಲೆ ಅಂಚು ಕಿತ್ತ ಡಾಂಬರು. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಗಳ ಒಕ್ಕಣೆಯೂ ರಸ್ತೆಯ ಮೇಲೆಯೇ. ಹರಡಿದ ಹುರುಳಿ ಬಳ್ಳಿ ಚೈನಿಗೂ ಹಿಂದಿನ ಗೇರಿಗೂ ಸುತ್ತಿಕೊಂಡರೆ ಚಕ್ರ ಥಟ್ಟನೆ ನಿಲ್ಲುತ್ತದೆ, ಸವಾರ ಮುಗ್ಗರಿಸುತ್ತಾನೆ. ಅದರ ಮೇಲೆ ಸೈಕಲ್ ಹಾಯಿಸದೆ ಇಳಿದು ತಳ್ಳಿಕೊಂಡು ಹೋಗುವುದು ಸವಾರನಿಗೂ ಕ್ಷೇಮ, ಬೆಳೆ ಒಡ್ಡಿದ ರೈತನಿಗೂ ಗೌರವ.

ಎಲ್ಲಕ್ಕಿಂತ ಮಿಗಿಲಾಗಿ ಜಾಲಿ ಮುಳ್ಳಿನ ಕಾಟ. ರಸ್ತೆ ಬದಿಯ ಬೇಲಿ ಸವರಿದ ದಿನ ತೆಳು ಟೈರು ಹಾಕಿ ಹೊರಟವರು ಪಂಕ್ಚರ್ ಅಂಗಡಿ ಹುಡುಕುವಂತಾಗುತ್ತದೆ. ಗ್ರಾಮಾಂತರದ ಪಂಕ್ಚರ್ ಅಂಗಡಿಗಳಲ್ಲಿ ರೋಡ್ ಬೈಕ್‌ನ ತೆಳು ಟ್ಯೂಬು ದೊರೆಯುವುದು ಅಪರೂಪ. ಅದರ ಸಣ್ಣ ವಾಲ್ವಿಗೆ ಹೊಂದುವ ಪಂಪೂ ಇರುವುದಿಲ್ಲ. ಸಾಮಾನ್ಯ ಮೌಂಟನ್ ಬೈಕ್‌ಗಳ ಟ್ಯೂಬಿಗೆ ಮೋಟಾರ್ ಬೈಕಿನಂತಹುದೇ ವಾಲ್ವು ಇರುವುದರಿಂದ ಯಾವ ಅಂಗಡಿಯಲ್ಲಾದರೂ ಗಾಳಿ ತುಂಬಿಸಿಕೊಳ್ಳಬಹುದು. ಇಂತಹ ನೆಲದಲ್ಲಿ ಮೂರು ತಿಂಗಳು ತಪ್ಪದೆ ಅಭ್ಯಾಸ ಮಾಡಲು ಆಸ್ಪದ ಕೊಡುವ ಸೈಕಲ್, ವಾರಕ್ಕೆರಡು ಬಾರಿ ಕೈಕೊಡುವ ವೇಗದ ಸೈಕಲ್‌ಗಿಂತ ಸ್ಪರ್ಧಿಯನ್ನು ಉತ್ತಮವಾಗಿ ಅಣಿಗೊಳಿಸುತ್ತದೆ.

ಇರುವ ಸೈಕಲನ್ನೇ ಸಜ್ಜುಗೊಳಿಸುವ ಬಗೆ

ಮೊದಲನೆಯದಾಗಿ ಟೈರು. ಚಕ್ರದ ಅಳತೆಯನ್ನು (26, 27.5 ಅಥವಾ 29 ಇಂಚು) ಟೈರಿನ ಪಕ್ಕದಲ್ಲಿ ಓದಿಕೊಂಡು, ಅದೇ ಅಳತೆಯ, ಒಂದೂವರೆ ಇಂಚಿನ ಆಸುಪಾಸಿನ ಅಗಲದ ನುಣುಪು ಟೈರನ್ನು ಕೊಳ್ಳಬೇಕು. ಒಳಗೆ ಮುಳ್ಳು ತಡೆಯುವ ಪಟ್ಟಿಯಿದ್ದರೆ ಉತ್ತಮ. ಸ್ಪರ್ಧೆಗೆ ಮೂರು ನಾಲ್ಕು ವಾರ ಮುಂಚೆಯೇ ಹಾಕಿಸಿ ಅಭ್ಯಾಸ ಮಾಡಿಕೊಳ್ಳಬೇಕು. ಗಾಳಿಯ ಒತ್ತಡ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿಯನ್ನು ಮೀರಕೂಡದು. ಹೊಸ ಟೈರಿಗೆ ಹಣವಿಲ್ಲದಿದ್ದರೆ, ಹಳೆಯ ಟೈರಿಗೇ ಆ ಮಿತಿಯೊಳಗೆ ಗಟ್ಟಿಯಾಗಿ ಗಾಳಿ ತುಂಬಿಸುವುದೂ ಪ್ರಯೋಜನಕಾರಿ.

ಎರಡನೆಯದು ಸೀಟಿನ ಎತ್ತರ. ಎರಡೂ ಪಾದ ನೆಲಕ್ಕೆ ತಾಗುವಂತೆ ಸೀಟನ್ನು ತಗ್ಗಿಸಿಕೊಳ್ಳುವುದು ಸಾಮಾನ್ಯ ರೂಢಿ. ಇದರಿಂದ ಮಂಡಿಗೆ ಶ್ರಮ, ತೊಡೆಗೆ ಬೇಗ ಆಯಾಸ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ನೇರವಾಗುವಷ್ಟು ಎತ್ತರವಿದ್ದರೆ, ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಹದವಾಗಿ ಬಾಗುತ್ತದೆ. ಖರ್ಚಿಲ್ಲದ ಈ ಬದಲಾವಣೆಯಿಂದ ದೊರೆಯುವ ಲಾಭ ಅಪಾರ.

ಮೂರನೆಯದು ಮುಂದಿನ ಶಾಕ್ ಅಬ್ಸಾರ್ಬರ್. ಅದನ್ನು ಬಿಗಿಗೊಳಿಸುವ ಗುಂಡಿಯಿದ್ದರೆ ನುಣುಪು ರಸ್ತೆಯಲ್ಲಿ ಬಿಗಿಗೊಳಿಸಬೇಕು. ಇಲ್ಲವಾದರೆ ಎದ್ದು ನಿಂತು ತುಳಿದಾಗ ಶಕ್ತಿ ಮೇಲೆ ಕೆಳಗೆ ಜಗ್ಗುವುದರಲ್ಲೇ ವ್ಯರ್ಥವಾಗುತ್ತದೆ. ನಾಲ್ಕನೆಯದು ಬ್ರೇಕ್, ಚೈನು ಮತ್ತು ಚಕ್ರದ ಕಡ್ಡಿಗಳ ತಪಾಸಣೆ. ನೋಟಕ್ಕಷ್ಟೇ ಮೌಂಟನ್ ಬೈಕ್‌ನಂತಿದ್ದು ಅಗ್ಗದ ಬಿಡಿಭಾಗಗಳುಳ್ಳ ಸೈಕಲ್‌ಗಳೂ ಮಾರುಕಟ್ಟೆಯಲ್ಲಿ ಹೇರಳವಾಗಿವೆ. ಅಂತಹವನ್ನು ಸ್ಪರ್ಧೆಗೆ ಒಯ್ಯುವ ಮುನ್ನ ಅನುಭವಿ ಮೆಕ್ಯಾನಿಕ್‌ಗೆ ತೋರಿಸಿ, ಬ್ರೇಕ್ ಶೂಗಳನ್ನು ಹೊಸದಾಗಿ ಹಾಕಿಸುವುದು ಅವಶ್ಯ.

ಗೇರಿನ ಬಗ್ಗೆ ಆತಂಕಪಡಬೇಕಿಲ್ಲ. ಮುಂದೆ 32 ಹಲ್ಲು, ಹಿಂದೆ 11 ಹಲ್ಲಿನ ಗೇರಿರುವ 29 ಇಂಚಿನ ಸೈಕಲನ್ನು ನಿಮಿಷಕ್ಕೆ 90 ಸುತ್ತು ತುಳಿದರೆ ವೇಗ ಗಂಟೆಗೆ 35 ಕಿ.ಮೀ. ದಾಟುತ್ತದೆ. ಹೊಸಬನಿಗೆ ಸಮತಟ್ಟು ರಸ್ತೆಯಲ್ಲಿ ಅದಕ್ಕಿಂತ ಹೆಚ್ಚು ಬೇಕಾಗದು. ಏರಿನಲ್ಲಾದರೋ ಮೌಂಟನ್ ಬೈಕ್‌ನ ಸಣ್ಣ ಗೇರುಗಳು ರೋಡ್ ಬೈಕ್‌ಗಿಂತಲೂ ಅನುಕೂಲಕರ.

ನಿಯಮಗಳ ಅರಿವು

ಹೆಸರು ನೋಂದಾಯಿಸುವ ಮೊದಲು ಆಯೋಜಕರ ನಿಯಮಾವಳಿಯನ್ನು ಓದುವುದು ಕಡ್ಡಾಯ. ಹವ್ಯಾಸಿಗಳಿಗಾಗಿ ನಡೆಯುವ ಅನೇಕ ಸ್ಪರ್ಧೆಗಳಲ್ಲಿ ಮೌಂಟನ್ ಬೈಕ್‌ಗೆ ಅವಕಾಶವುಂಟು. ಆದರೆ ಒಬ್ಬರ ಹಿಂದೊಬ್ಬರು ಗುಂಪಾಗಿ ಸಾಗಲು ಅನುಮತಿಯಿರುವ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಬಾಗಿದ ಹ್ಯಾಂಡಲ್‌ನ ರೋಡ್ ಬೈಕನ್ನೇ ಕೇಳುತ್ತಾರೆ. ಅನುಮತಿಯಿಲ್ಲದ ಕಡೆ ಮುಂದಿನ ಸೈಕಲ್‌ನಿಂದ ಸಾಮಾನ್ಯವಾಗಿ 10ರಿಂದ 12 ಮೀಟರ್ ಅಂತರ ಕಾಯ್ದುಕೊಳ್ಳಬೇಕು.

ಹೆಲ್ಮೆಟ್ ಇಲ್ಲದೆ ಪ್ರವೇಶವಿಲ್ಲ. ಅದರ ಪಟ್ಟಿಯನ್ನು ಬಿಗಿಯುವ ಮುನ್ನ ಸೈಕಲನ್ನು ಸ್ಟ್ಯಾಂಡಿನಿಂದ ತೆಗೆಯುವಂತಿಲ್ಲ. ಸೈಕಲನ್ನು ಮರಳಿ ಇಟ್ಟ ಬಳಿಕವೇ ಪಟ್ಟಿ ಬಿಚ್ಚಬೇಕು. ನಿಗದಿತ ಗೆರೆ ದಾಟಿದ ಮೇಲಷ್ಟೇ ಸೈಕಲ್ ಏರಬೇಕು. ಹ್ಯಾಂಡಲ್‌ನ ಎರಡೂ ತುದಿ ಮುಚ್ಚಿರಬೇಕು. ಕಿವಿಗೆ ಇಯರ್‌ಫೋನ್ ನಿಷಿದ್ಧ. ಸೈಡ್ ಸ್ಟ್ಯಾಂಡ್, ಕ್ಯಾರಿಯರ್, ನೀರಿನ ಬಾಟಲಿಯ ಹೊರತಾದ ಚೀಲಗಳನ್ನು ಮೊದಲೇ ಬಿಚ್ಚಿಡುವುದು ಒಳಿತು.

ಸವಾರಿಯಿಂದ ಓಟಕ್ಕೆ

ಟ್ರಯಥ್ಲಾನ್‌ನ ವೈಶಿಷ್ಟ್ಯವಿರುವುದೇ ಒಂದರಿಂದ ಇನ್ನೊಂದಕ್ಕೆ ಹೊರಳುವುದರಲ್ಲಿ. ಸೈಕಲ್‌ನಿಂದ ಇಳಿದು ಓಡತೊಡಗಿದಾಗ ಮೊದಲ ಒಂದು ಕಿಲೋಮೀಟರ್ ಕಾಲುಗಳು ತನ್ನವಲ್ಲವೆಂಬಂತೆ ಭಾರವಾಗುತ್ತವೆ. ಮೌಂಟನ್ ಬೈಕ್ ಸವಾರ ತನ್ನನ್ನು ಹಿಂದಿಕ್ಕುತ್ತಿರುವ ರೋಡ್ ಬೈಕ್‌ಗಳನ್ನು ಕಂಡು ರೋಷದಿಂದ ದೊಡ್ಡ ಗೇರಿನಲ್ಲಿ ತುಳಿದರೆ ಓಟದಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ನಿಮಿಷಕ್ಕೆ 80ರಿಂದ 90 ಸುತ್ತುಗಳ ಹಗುರ ತುಳಿತ, ಮಾತನಾಡಲು ಸಾಧ್ಯವಾಗುವಷ್ಟು ಉಸಿರು, ಕೊನೆಯ ಎರಡು ಕಿ.ಮೀ.ಗಳಲ್ಲಿ ಒಂದು ಗೇರು ಇಳಿಸುವುದು ಇವು ಪಾಲಿಸಬೇಕಾದ ಸೂತ್ರಗಳು. ವಾರಕ್ಕೊಮ್ಮೆ ಸೈಕಲ್ ಸವಾರಿ ಮುಗಿಸಿದ ಕೂಡಲೇ ಹತ್ತು ಹದಿನೈದು ನಿಮಿಷ ಓಡುವ ಅಭ್ಯಾಸವಿದ್ದರೆ ಸ್ಪರ್ಧೆಯ ದಿನ ಈ ಭಾರ ಅನಿರೀಕ್ಷಿತವೆನಿಸದು. ಓಡಲು ಬಳಸುವ ಶೂಗಳಲ್ಲೇ ಸಾದಾ ಪೆಡಲ್ ತುಳಿಯುವುದರಿಂದ ಶೂ ಬದಲಿಸುವ ಸಮಯವೂ ಉಳಿಯುತ್ತದೆ.

ನಿಜವಾದ ಅಪಾಯ ನೀರಿನಲ್ಲಿ

ಸೈಕಲ್ ಕುರಿತ ಚರ್ಚೆಯಲ್ಲಿ ಮರೆಯಾಗುವ ಸಂಗತಿಯೆಂದರೆ ಈಜಿನದು. ಸೈಕಲ್ ನಿಧಾನವಾದರೆ ನಷ್ಟವಾಗುವುದು ಸಮಯ. ಈಜು ಬಾರದಿದ್ದರೆ ಕುತ್ತು ಬರುವುದು ಪ್ರಾಣಕ್ಕೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ ಆರಂಭಿಸಿದ ಬಳಿಕ ಗ್ರಾಮಾಂತರದ ಹುಡುಗ ಹುಡುಗಿಯರ ಒಂದು ತಲೆಮಾರಿಗೇ ಸೈಕಲ್ ಕೈವಶವಾಯಿತು. ಈಜಿಗೆ ಅಂತಹ ಏರ್ಪಾಟು ಆಗಲಿಲ್ಲ. ಬಯಲುಸೀಮೆಯಲ್ಲಿ ಹಿಂದೆ ಬೆನ್ನಿಗೆ ಸೋರೆ ಬುರುಡೆಯನ್ನೋ ಖಾಲಿ ಡಬ್ಬವನ್ನೋ ಕಟ್ಟಿಕೊಂಡು ಹಿರಿಯರ ಕಣ್ಗಾವಲಿನಲ್ಲಿ ತೆರೆದ ಬಾವಿಗಳಲ್ಲಿ ಈಜು ಕಲಿಯುತ್ತಿದ್ದರು. ಕೊಳವೆಬಾವಿಗಳು ಹೆಚ್ಚಿದಂತೆ ಆ ಬಾವಿಗಳು ಬತ್ತಿದವು, ಕಲಿಕೆಯೂ ನಿಂತಿತು.

ಇಂದು ನೀರು ಕಾಣುವುದು ಕೆರೆಗಳಲ್ಲಿ ಮತ್ತು ಕೃಷಿ ಹೊಂಡಗಳಲ್ಲಿ. ಇವೆರಡೂ ಅಭ್ಯಾಸಕ್ಕೆ ಯೋಗ್ಯವಲ್ಲ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ನಿರ್ಮಾಣಗೊಂಡ ಹೊಂಡಗಳಿಗೆ ನೀರು ಇಂಗದಂತೆ ಪ್ಲಾಸ್ಟಿಕ್ ಹೊದಿಕೆ ಹಾಸಲಾಗುತ್ತದೆ. ಇಳಿಜಾರಿನ ಆ ಹೊದಿಕೆ ಒದ್ದೆಯಾದಾಗ ಕಾಲು ನಿಲ್ಲದು, ಕೈಗೆ ಹಿಡಿತ ಸಿಗದು. ಈಜು ಬಲ್ಲವರೂ ಮೇಲೇರಲಾರದೆ ಮುಳುಗುತ್ತಾರೆ. ಕೆರೆಗಳಲ್ಲಿ ಹೂಳು, ಮಣ್ಣು ತೆಗೆದ ಗುಂಡಿಗಳಿಂದಾಗಿ ಸೊಂಟಮಟ್ಟದ ನೀರು ಮುಂದಿನ ಹೆಜ್ಜೆಗೇ ಆಳವಾಗಬಹುದು. ಆದ್ದರಿಂದ ತರಬೇತುದಾರರಿರುವ ಈಜುಕೊಳದಲ್ಲಿ ಕಲಿತು, ನಿಲ್ಲದೆ ಒಂದು ಕಿ.ಮೀ. ಈಜುವ ಭರವಸೆ ಬಂದ ಮೇಲೆಯೇ ಸ್ಪರ್ಧೆಗೆ ಹೆಸರು ಕೊಡಬೇಕು. ಸ್ಪರ್ಧೆ ಕೆರೆಯಲ್ಲಿ ನಡೆಯುವುದಾದರೆ, ದೋಣಿ ಮತ್ತು ಜೀವರಕ್ಷಕರ ವ್ಯವಸ್ಥೆಯಿರುವ ತೆರೆದ ನೀರಿನ ತರಬೇತಿಯಲ್ಲಿ ಮುಂಚಿತವಾಗಿ ಪಾಲ್ಗೊಳ್ಳಬೇಕು. ಒಂಟಿಯಾಗಿ ಕೆರೆಗಿಳಿಯುವುದು ಎಂದಿಗೂ ಸಲ್ಲದು.

ಮೌಂಟನ್ ಬೈಕ್ ಸಾಲದೆನಿಸುವುದು ಯಾವಾಗ?

ದೂರ ಹೆಚ್ಚಿದಂತೆ ಲೆಕ್ಕ ಬದಲಾಗುತ್ತದೆ. 40 ಕಿ.ಮೀ. ಸವಾರಿಯ ಒಲಿಂಪಿಕ್ ವಿಭಾಗವನ್ನು ನುಣುಪು ಟೈರಿನ ಮೌಂಟನ್ ಬೈಕ್‌ನಲ್ಲಿ ಮುಗಿಸಬಹುದಾದರೂ ಹತ್ತು ನಿಮಿಷಗಳ ಹಿನ್ನಡೆಗೆ ಸಿದ್ಧರಿರಬೇಕು. ಅರ್ಧ ಐರನ್‌ಮ್ಯಾನ್‌ನಲ್ಲಿ ಒಟ್ಟು ಕಾಲಮಿತಿ ಸಾಮಾನ್ಯವಾಗಿ ಎಂಟೂವರೆ ಗಂಟೆ. ಸವಾರಿಗೂ ಪ್ರತ್ಯೇಕ ಮಿತಿಯುಂಟು. ಗಂಟೆಗೆ 20 ಕಿ.ಮೀ. ವೇಗದ ಸವಾರನಿಗೆ 90 ಕಿ.ಮೀ. ಕ್ರಮಿಸಲು ನಾಲ್ಕೂವರೆ ಗಂಟೆ ಬೇಕು. ಈಜಿನಲ್ಲಿ ಒಂದು ಗಂಟೆ ಕಳೆದವನಿಗೆ ಆಗ ಉಳಿಯುವ ಅವಕಾಶ ತೀರ ಕಿರಿದು. ನೇರ ಹ್ಯಾಂಡಲ್‌ನಲ್ಲಿ ಕೈ ಹಿಡಿಯುವ ರೀತಿ ಒಂದೇ ಆದ್ದರಿಂದ ಅಂಗೈ, ಮಣಿಕಟ್ಟು, ಬೆನ್ನುಗಳೂ ನೋಯತೊಡಗುತ್ತವೆ. ಆ ಹಂತ ತಲುಪಿದವರು ರೋಡ್ ಬೈಕ್ ಕೊಳ್ಳುವುದರಲ್ಲಿ ಅರ್ಥವಿದೆ.

ಮೌಂಟನ್ ಬೈಕನ್ನೇ ನೆಚ್ಚಿದವರಿಗೆ ಇನ್ನೊಂದು ದಾರಿಯೂ ಇದೆ. 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಆರಂಭಗೊಂಡ ಎಕ್ಸ್‌ಟೆರಾ ಸರಣಿಯಲ್ಲಿ ಈಜಿನ ನಂತರದ ಸವಾರಿಯೂ ಓಟವೂ ಮಣ್ಣುಹಾದಿಯಲ್ಲೇ ನಡೆಯುತ್ತವೆ. ಅಲ್ಲಿ ತೆಳು ಟೈರಿಗೆ ಕೆಲಸವಿಲ್ಲ.

ಮೊದಲ ಸ್ಪರ್ಧೆಯ ಗುರಿ ಗೆಲುವಲ್ಲ, ಕ್ಷೇಮವಾಗಿ ಮುಗಿಸುವುದು. ಅದನ್ನು ಮುಗಿಸಿದವರಿಗೆ ಈ ಕ್ರೀಡೆ ತಮಗೆ ಹೊಂದುವುದೇ, ಮೂರರಲ್ಲಿ ಯಾವುದು ದುರ್ಬಲ, ಹಣವನ್ನು ಎಲ್ಲಿ ತೊಡಗಿಸಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಅಲ್ಲಿಯವರೆಗೆ ಮನೆಯ ಗೇರ್ ಸೈಕಲ್‌ಗೆ ನುಣುಪು ಟೈರು, ಹದವಾದ ಸೀಟು, ಹೊಸ ಬ್ರೇಕ್ ಶೂ, ತಲೆಗೆ ಒಳ್ಳೆಯ ಹೆಲ್ಮೆಟ್ ಇದ್ದರೆ ಸಾಕು. ಉಳಿದ ಹಣ ಈಜುಕೊಳಕ್ಕೆ ಸಲ್ಲಲಿ.